ಹಗುರ ಕೆಲಸದ ಭಾರ

ಒಂದು ಕೆಲಸ ಸುಲಭವಾದರೆ ಅದಕ್ಕೆ ಅಂಟಿಕೊಂಡ ಹೊಣೆಯೂ ಅಷ್ಟೇ ಕಡಿಮೆಯಾಗುತ್ತದೆಯೇ? ತತ್ವಶಾಸ್ತ್ರದ ತರಗತಿಗಳಲ್ಲಿ ಈ ಪ್ರಶ್ನೆ ಬಂದಾಗ ಉದಾಹರಣೆಯಾಗಿ ಯುದ್ಧದ ಡ್ರೋನ್ ಬರುತ್ತದೆ, ಇತ್ತೀಚೆಗೆ ಕೃತಕ ಬುದ್ಧಿಮತ್ತೆ ಬರುತ್ತದೆ. ಇವು ದೊಡ್ಡ ಸಂಗತಿಗಳು. ದೊಡ್ಡವಾದ್ದರಿಂದಲೇ ನಮ್ಮಲ್ಲಿ ಹೆಚ್ಚಿನವರ ಕೈಗೆ ಅವು ಎಂದೂ ಬರುವುದಿಲ್ಲ. ಅವುಗಳ ಬಗ್ಗೆ ಅಭಿಪ್ರಾಯ ಹೇಳಿ ಎದ್ದು ಹೋಗಬಹುದು. ಹಾಗಾಗಿ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನ ಮುಂದಿಟ್ಟು ನೋಡುತ್ತೇನೆ: ಬ್ಯಾಟರಿಯಿಂದ ನಡೆಯುವ ಪುಟ್ಟ ಸರ್ಕ್ಯುಲರ್ ಗರಗಸ.

ನನ್ನ ಸೋದರಮಾವ ಬಡಗಿ. ಸಂಶೋಧನೆಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವರ ಶೆಡ್ಡಿಗೆ ಹೋಗಿ ಸಣ್ಣಪುಟ್ಟ ಕೆಲಸ ಮಾಡುತ್ತೇನೆ. ಪುಸ್ತಕದ ಕಪಾಟಿನ ಹಲಗೆ, ಕಿಟಕಿಗೆ ಹೊಡೆಯುವ ಪಟ್ಟಿ, ಅಡುಗೆಮನೆಯ ಡ್ರಾಯರಿನ ತಳ, ಇಂಥವಕ್ಕೆ ಅವರು ಈಗ ಬಳಸುವುದು ಈ ಯಂತ್ರವನ್ನೇ. ಅದರ ಬ್ಲೇಡಿನ ವ್ಯಾಸ 85 ಮಿಲಿಮೀಟರ್, ತೂಕ ಎರಡು ಕಿಲೋ ಒಳಗೆ. ಸುಮಾರು 25 ಮಿಲಿಮೀಟರ್ ಆಳದವರೆಗೆ ಕೊಯ್ಯುತ್ತದೆ. ಮನೆಗೆಲಸಕ್ಕೆ ಬಳಸುವ 18 ಮಿಲಿಮೀಟರ್ ಪ್ಲೈವುಡ್ಡಿಗೆ ಅಷ್ಟು ಸಾಕು. ವೈರಿಲ್ಲ, ಪ್ಲಗ್ಗಿಲ್ಲ, ಒಂದೇ ಕೈಯಲ್ಲಿ ಎತ್ತಬಹುದು. ಅಂಗಡಿಯವರು ಇದನ್ನು ‘ಹಗುರ ಕೆಲಸಕ್ಕೆ’ ಎಂದು ಮಾರುತ್ತಾರೆ.

ನನ್ನ ತಕರಾರು ಆ ‘ಹಗುರ’ ಎಂಬ ಮಾತಿನ ಬಗ್ಗೆ. ಬ್ಲೇಡು ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಹಲ್ಲು ಸೆಕೆಂಡಿಗೆ ಆರೂವರೆ ಮೀಟರಿಗೂ ಹೆಚ್ಚು ದೂರ ಓಡುತ್ತದೆ. ನಮಗೆ ‘ಅಯ್ಯೋ’ ಅನ್ನಿಸುವ ಕಾಲು ಸೆಕೆಂಡಿನಲ್ಲಿ ಒಂದೂವರೆ ಮೀಟರು ಉಕ್ಕು ಹಾದುಹೋಗಿರುತ್ತದೆ. ತೋಳಿಗೆ ಇದು ಹಗುರ ಕೆಲಸ, ನಿಜ. ಮರಕ್ಕಾಗಲಿ ಬೆರಳಿಗಾಗಲಿ ಹಗುರವಲ್ಲ. ಸಲಕರಣೆಯ ತೂಕ ಕೃತ್ಯದ ತೂಕವಲ್ಲ ಎಂಬುದು ಕೇಳಲು ತೀರ ಸರಳವಾದ ಮಾತು. ಆದರೂ ನಾವು ದಿನವೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಕೊಂಡೇ ಬದುಕುತ್ತೇವೆ. ಒಂದು ಸಂದೇಶ ಕಳಿಸುವುದು ಸುಲಭವಾದ್ದರಿಂದ ಅದು ಮಾಡುವ ಗಾಯವೂ ಸಣ್ಣದೆಂದುಕೊಳ್ಳುತ್ತೇವೆ.

ಕೈಗರಗಸದಲ್ಲಿ ಈ ಗೊಂದಲಕ್ಕೆ ಹೆಚ್ಚು ಅವಕಾಶವಿರಲಿಲ್ಲ. ಅಲ್ಲಿ ಶ್ರಮವೇ ಒಂದು ರೀತಿಯ ತಡೆ. ಹಲಗೆಯನ್ನು ಮೊಣಕಾಲಿನಿಂದ ಒತ್ತಿ, ಉಸಿರಿನ ಲಯಕ್ಕೆ ದೂಡುತ್ತ ಹೋಗುವಾಗ ಪ್ರತಿ ಎಳೆತದಲ್ಲೂ ನಿಲ್ಲಿಸುವ, ನೋಡುವ, ತಿದ್ದುವ ಸಂದರ್ಭವಿತ್ತು. ಕೈ ದಣಿದಂತೆ ಮನಸ್ಸು ಎಚ್ಚರವಾಗುತ್ತಿತ್ತು. ಯಂತ್ರ ಆ ದಣಿವನ್ನು ತೆಗೆದುಹಾಕಿತು. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಯೋಚಿಸುವ ಬಿಡುವನ್ನೂ ತೆಗೆದುಹಾಕಿತು.

ಹೈಡೆಗರ್ 1927ರ ತಮ್ಮ ಗ್ರಂಥದಲ್ಲಿ ಸುತ್ತಿಗೆಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಚೆನ್ನಾಗಿ ನಡೆಯುವ ಸಲಕರಣೆ ನಮ್ಮ ಗಮನದಿಂದ ಮರೆಯಾಗುತ್ತದೆ, ಕೆಟ್ಟುನಿಂತಾಗ ಮಾತ್ರ ಕಣ್ಣಿಗೆ ಬೀಳುತ್ತದೆ ಎಂದು ತೋರಿಸುತ್ತಾರೆ. ಸುತ್ತಿಗೆಗೆ ಇದು ಸೊಗಸಾಗಿ ಒಪ್ಪುತ್ತದೆ. ಗರಗಸದ ಮುಂದೆ ನಿಂತಾಗ ನನಗೆ ಬೇರೆ ಅನುಮಾನ ಬರುತ್ತದೆ: ಕೆಲವು ಸಲಕರಣೆಗಳು ಗಮನದಿಂದ ಮರೆಯಾಗಬಾರದು. ಸಲೀಸಾಗಿ ನಡೆಯುವಾಗಲೇ ಅವು ಹೆಚ್ಚು ಎಚ್ಚರ ಬೇಡುತ್ತವೆ. ಗುಂಡಿ ಬಿಟ್ಟ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಕೆಲಸ ಮುಗಿಯಿತೆಂದು ಮನಸ್ಸು ಅತ್ತ ಸರಿಯುವ ಆ ಕ್ಷಣವೇ ಅಪಾಯದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಕೈದುಡಿಮೆಯನ್ನು ಹಾಡಿಹೊಗಳುವ ಮತ್ತೊಂದು ಲೇಖನವಾಗುತ್ತದೆ. ಗ್ರಂಥಾಲಯದಲ್ಲಿ ಕುಳಿತವರಿಗೆ ಕೈಗರಗಸದ ಲಯ ಚೆಂದ. ಮೂವತ್ತು ವರ್ಷ ಅದನ್ನು ದೂಡಿದ ಭುಜಕ್ಕೆ ಚೆಂದವಲ್ಲ. ಹಳೆಯ ಗರಗಸವನ್ನು ಮತ್ತೆ ಹಿಡಿಯುತ್ತೀರಾ ಎಂದು ಕೇಳಿದ್ದಕ್ಕೆ ಮಾವ, “ನೀನು ಹಿಡಿ, ನಾನು ನೋಡ್ತೀನಿ” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಯಂತ್ರದ ವಿಮರ್ಶಕರೆಂದೇ ಹೆಸರಾದ ಗಾಂಧಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಹೆಂಡತಿಯ ದುಡಿಮೆಯನ್ನು ಹಗುರಗೊಳಿಸುವ ಪ್ರೀತಿ ಅದರ ಹಿಂದೆ ಇತ್ತು ಎಂಬುದು ಅವರ ಕಾರಣ. ಆದ್ದರಿಂದ ಯಂತ್ರ ಬೇಕೇ ಬೇಡವೇ ಎಂಬುದಕ್ಕಿಂತ ಅದು ಯಾರ ಭಾರ ಇಳಿಸುತ್ತದೆ, ಇಳಿದ ಭಾರ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ.

ಎಲ್ಲಿಗೆ ಹೋಗುತ್ತದೆ? ಮೂರು ಗಂಟೆಯ ಕೆಲಸ ಒಂದು ಗಂಟೆಗೆ ಮುಗಿದಾಗ ಉಳಿದ ಎರಡು ಗಂಟೆ ಬಡಗಿಯ ಪಾಲಿಗೆ ಬಂದರೆ ಆ ಪ್ರೀತಿಗೆ ಅರ್ಥವಿದೆ. ಗುತ್ತಿಗೆಯ ಕೆಲಸದಲ್ಲಿ ಆ ಎರಡು ಗಂಟೆಯಲ್ಲಿ ಇನ್ನೆರಡು ಬಾಗಿಲು ಮುಗಿಸಬೇಕಾಗುತ್ತದೆ. ಆಗ ಬ್ಲೇಡಿನ ಕೆಳಗಿರುವ, ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ರಕ್ಷಣಾ ಕವಚ ಅಡ್ಡಿಯೆನಿಸತೊಡಗುತ್ತದೆ. ಯಾರೋ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ಬೆರಳು ಹೋದಾಗ ‘ಅವನ ಅಜಾಗರೂಕತೆ’ ಎನ್ನುತ್ತೇವೆ. ತಂತಿ ಕಟ್ಟಿದ ಕೈ ಅವನದೇ ಇರಬಹುದು. ಕಟ್ಟಿಸಿದ ಅವಸರ ಮಾತ್ರ ಅವನೊಬ್ಬನದಲ್ಲ.

ಹೊಣೆಯ ಈ ಹಂಚಿಕೆಗೆ ಅಮೆರಿಕದಲ್ಲಿ ಒಂದು ಪಾಠವಿದೆ. ಭೌತಶಾಸ್ತ್ರ ಓದಿ ಪೇಟೆಂಟ್ ವಕೀಲರಾಗಿದ್ದ ಸ್ಟೀಫನ್ ಗ್ಯಾಸ್ 1999ರಲ್ಲಿ ಮೇಜಿನ ಗರಗಸಕ್ಕೆ ಒಂದು ತಡೆಯನ್ನು ರೂಪಿಸಿದರು. ಚರ್ಮ ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ಗುರುತಿಸಿ, ಅಲ್ಯೂಮಿನಿಯಂ ತುಂಡೊಂದನ್ನು ಬ್ಲೇಡಿಗೆ ಚುಚ್ಚಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲಿಸುವ ವ್ಯವಸ್ಥೆ ಅದು. ದೊಡ್ಡ ತಯಾರಕರು ಅದನ್ನು ಅಳವಡಿಸಿಕೊಳ್ಳಲು ಮುಂದಾಗಲಿಲ್ಲ. 2003ರಲ್ಲಿ ಅದನ್ನು ಕಡ್ಡಾಯಗೊಳಿಸಬೇಕೆಂಬ ಅರ್ಜಿ ಸರ್ಕಾರದ ಮುಂದೆ ಹೋಯಿತು. ಬೆಲೆ, ಪೇಟೆಂಟು, ಬಳಕೆದಾರನ ಸ್ವಾತಂತ್ರ್ಯ ಎಂದು ವಾದ ವರ್ಷಗಟ್ಟಲೆ ಎಳೆಯಿತು. ಎರಡೂ ಕಡೆ ತೂಕದ ಮಾತುಗಳಿದ್ದವು. ಆದರೆ ಅಪಾಯ ತಡೆಯಬಹುದೆಂದು ಒಮ್ಮೆ ಗೊತ್ತಾದ ಮೇಲೆ, ಎಚ್ಚರವೆಲ್ಲ ಬಳಸುವವನದೇ ಎನ್ನುವುದು ಮೊದಲಿನಷ್ಟು ನಿರ್ದೋಷಿ ಮಾತಾಗಿ ಉಳಿಯುವುದಿಲ್ಲ.

ಹಾಗೆಂದು ಎಚ್ಚರವನ್ನೆಲ್ಲ ಯಂತ್ರಕ್ಕೇ ವಹಿಸಲಾಗದು. ನಮ್ಮ ಪುಟ್ಟ ಗರಗಸದಲ್ಲಿ ಅಂಥ ತಡೆಯೂ ಇಲ್ಲ. ಅದನ್ನು ಸರಿಯಾಗಿ ಬಳಸುವವರನ್ನು ನೋಡಿದಾಗ ನನಗೆ ತಿಳಿದದ್ದು, ಶ್ರಮ ಇಲ್ಲವಾಗಿಲ್ಲ, ಜಾಗ ಬದಲಿಸಿದೆ ಎಂದು. ಕೊಯ್ಯುವುದು ಹತ್ತು ಸೆಕೆಂಡು. ಅದರ ಮುಂಚಿನದು ಹತ್ತು ನಿಮಿಷ. ಬ್ಯಾಟರಿ ಕಳಚಿಟ್ಟು ಆಳ ಹೊಂದಿಸುವುದು, ಹಲಗೆಯ ದಪ್ಪಕ್ಕಿಂತ ನಾಲ್ಕೈದು ಮಿಲಿಮೀಟರ್ ಮಾತ್ರ ಹೆಚ್ಚು. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಹಲಗೆಯ ಚೆಂದದ ಮುಖವನ್ನು ಕೆಳಗೆ ಮಾಡುವುದು. ಕತ್ತರಿಸಿದ ತುಂಡು ಬಾಗಿ ಬ್ಲೇಡನ್ನು ಹಿಸುಕದಂತೆ ಆಸರೆ ಕೊಡುವುದು; ಹಿಸುಕಿದರೆ ಯಂತ್ರ ಹಿಂದಕ್ಕೆ ಚಿಮ್ಮುತ್ತದೆ. ಕ್ಲಾಂಪು, ಕನ್ನಡಕ, ಮಾಸ್ಕು. ಮರದ ಧೂಳು ಕ್ಯಾನ್ಸರ್ ತರಬಲ್ಲದೆಂಬುದು ಸ್ಥಾಪಿತ ಸಂಗತಿ. ಸಣ್ಣ ಯಂತ್ರದ ಧೂಳು ಸಣ್ಣ ಧೂಳಲ್ಲ. ಮೊದಲು ಕೆಲಸದ ಒಳಗೇ ಇದ್ದ ನಿಧಾನವನ್ನು ಈಗ ಕೆಲಸದ ಮುಂಚೆ ನಾವೇ ಬೇಕೆಂದು ಮಾಡಿಕೊಳ್ಳಬೇಕು. ಮೊದಲು ದೇಹ ಒತ್ತಾಯದಿಂದ ಕೊಡುತ್ತಿದ್ದದ್ದು ಈಗ ಆಯ್ಕೆಯಾಗಿದೆ. ನೀತಿಯ ಪ್ರಶ್ನೆ ಹುಟ್ಟುವುದೇ ಆಯ್ಕೆ ಇರುವಲ್ಲಿ. ಆಯುಧಪೂಜೆಯ ದಿನ ಮಾವ ಈ ಯಂತ್ರಕ್ಕೂ ಕುಂಕುಮ ಹಚ್ಚುತ್ತಾರೆ, ಬ್ಯಾಟರಿ ತೆಗೆದಿಟ್ಟು. ಭಕ್ತಿಯೂ ಎಚ್ಚರವೂ ಅಲ್ಲಿ ಒಂದೇ ಕ್ರಿಯೆಯಲ್ಲಿವೆ.

ಇನ್ನೊಂದು ಮಾತು ಅವರು ಮೊದಲ ದಿನವೇ ಹೇಳಿದ್ದರು: “ಗೆರೆ ಉಳಿಸಿ ಕೊಯ್ಯಮ್ಮ.” ಯೂಕ್ಲಿಡ್‌ನ ರೇಖೆಗೆ ಅಗಲವಿಲ್ಲ. ಬ್ಲೇಡಿಗೆ ಅಗಲವಿದೆ, ಒಂದು ಮಿಲಿಮೀಟರೋ ಅದಕ್ಕಿಂತ ಸ್ವಲ್ಪ ಹೆಚ್ಚೋ. ಎರಡು ಭಾಗ ಮಾಡುವ ಪ್ರತಿ ಕೊಯ್ತವೂ ಅಷ್ಟು ಮರವನ್ನು ಪುಡಿ ಮಾಡುತ್ತದೆ, ಅದು ಯಾವ ಭಾಗಕ್ಕೂ ಸೇರುವುದಿಲ್ಲ. ಅದಕ್ಕೇ ಬಡಗಿ ಗೆರೆ ಎಳೆದ ಮೇಲೆ ಎಸೆಯುವ ಕಡೆಗೆ ಒಂದು ಇಂಟು ಗುರುತು ಹಾಕುತ್ತಾನೆ. ನಷ್ಟ ಯಾವ ಕಡೆಯದೆಂದು ಕೊಯ್ಯುವ ಮುಂಚೆಯೇ ಒಪ್ಪಿಕೊಳ್ಳುತ್ತಾನೆ.

ನಾವು, ಓದುಬರಹದವರು, ಅಗಲವಿಲ್ಲದ ಗೆರೆಗಳಲ್ಲಿ ಪಳಗಿದವರು. ಪರೀಕ್ಷೆಯ ಕಟ್-ಆಫ್ ಎಳೆಯುತ್ತೇವೆ. ಒಂದು ಅಂಕದಿಂದ ಕೆಳಗುಳಿದವರ ಎರಡು ವರ್ಷ ಪುಡಿಯಾಗುತ್ತದೆ. ರಸ್ತೆ ಅಗಲೀಕರಣಕ್ಕೆ ನಕ್ಷೆಯ ಮೇಲೆ ಗೆರೆ ಬೀಳುತ್ತದೆ. ಅದು ಯಾರದೋ ಜಗುಲಿಯ ಮೇಲೆ ಹಾಯುತ್ತದೆ. ಗೆರೆಗಳೇ ಬೇಡವೆನ್ನಲು ಆಗದು, ಹಲಗೆ ಕೊಯ್ಯದೆ ಕಪಾಟು ಆಗುವುದಿಲ್ಲ. ಕೊಯ್ಯುವ ಸಾಧನ ಈಗ ಎಲ್ಲರ ಕೈಯಲ್ಲೂ ಹಗುರವಾಗುತ್ತಿದೆ. ಒಂದು ಗುಂಡಿಯಿಂದ ಪಟ್ಟಿಯಲ್ಲಿರುವ ಸಾವಿರ ಹೆಸರನ್ನು ಬೇರ್ಪಡಿಸಬಹುದು. ಹಾಗಾಗಿ ಗುಂಡಿ ಒತ್ತುವವರನ್ನು ಕೇಳಬೇಕಾದದ್ದು ಇಷ್ಟು: ನಿಮ್ಮ ಬ್ಲೇಡಿನ ಅಗಲ ಎಷ್ಟು, ಇಂಟು ಗುರುತು ಯಾವ ಕಡೆ ಹಾಕಿದ್ದೀರಿ, ಆ ಕಡೆಯವರಿಗೆ ಅದನ್ನು ತಿಳಿಸಿದ್ದೀರಾ?