ಗಡಿಯಲ್ಲಿ ಬರೆದುಕೊಡುವ ಮಾತು

ಅಲ್ಲಾಹನು ಮನುಷ್ಯನಿಗಾಗಿ ಭೂಮಿಯನ್ನು ವಿಶಾಲವಾಗಿ ಹಾಸಿದ್ದಾನೆ. ದುಡಿಮೆಗಾಗಿ, ವಿದ್ಯೆಗಾಗಿ, ಹಜ್ಜ್‌ಗಾಗಿ, ಬಂಧುಗಳ ಭೇಟಿಗಾಗಿ ಅದರ ಮೇಲೆ ಸಂಚರಿಸಲು ಅನುಮತಿಸಿದ್ದಾನೆ. ಪ್ರಯಾಣಿಕನ ನಮಾಝನ್ನು ಹಗುರಗೊಳಿಸಿದ್ದಾನೆ. ಉಪವಾಸವನ್ನು ಮುಂದೂಡುವ ರಿಯಾಯಿತಿ ಕೊಟ್ಟಿದ್ದಾನೆ. ಝಕಾತ್‌ನಲ್ಲಿ ದಾರಿಹೋಕನಿಗೂ ಒಂದು ಪಾಲನ್ನಿಟ್ಟಿದ್ದಾನೆ. ಹೀಗೆ ಪ್ರಯಾಣಕ್ಕೆ ಇಷ್ಟೊಂದು ಸೌಲಭ್ಯ ನೀಡಿದ ಧರ್ಮವೇ ಒಂದು ಸಂದರ್ಭದಲ್ಲಿ ಪ್ರಯಾಣಿಕನನ್ನು ತಡೆದು ನಿಲ್ಲಿಸುತ್ತದೆ. ಅದು ಪಿಡುಗಿನ ಸಂದರ್ಭ.

ಪಿಡುಗು ಹಬ್ಬಿದ ಊರಿಗೆ ಹೋಗಬಾರದು, ತಾವಿರುವ ಊರಲ್ಲೇ ಅದು ಕಾಣಿಸಿಕೊಂಡರೆ ಅದಕ್ಕೆ ಹೆದರಿ ಊರು ಬಿಟ್ಟು ಓಡಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳು ವರದಿ ಮಾಡಿವೆ. ಈ ಆದೇಶದಲ್ಲಿ ಎರಡು ಬಾಗಿಲುಗಳಿವೆ. ಒಳಗೆ ಬರುವ ಬಾಗಿಲು ಮುಚ್ಚಿದರೆ ನಮಗೆ ರಕ್ಷಣೆ, ಹೊರಗೆ ಹೋಗುವ ಬಾಗಿಲು ಮುಚ್ಚಿದರೆ ನೆರೆಯವನಿಗೆ ರಕ್ಷಣೆ. ಮೊದಲನೆಯದು ಎಲ್ಲರಿಗೂ ಇಷ್ಟ. ಈಮಾನಿನ ಪರೀಕ್ಷೆ ಇರುವುದು ಎರಡನೆಯದರಲ್ಲಿ.

ಸರ್‌ಗ್‌ನಿಂದ ಹಿಂತಿರುಗಿದ ಖಲೀಫರು

ಹಝ್ರತ್ ಉಮರ್(ರ) ಸಿರಿಯಾ ಕಡೆಗೆ ಹೊರಟಿದ್ದರು. ಸರ್‌ಗ್ ಎಂಬಲ್ಲಿಗೆ ತಲಪಿದಾಗ ಮುಂದೆ ಪಿಡುಗು ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಶರ ಹಿರಿಯರನ್ನೂ ಕೇಳಿದರು. ಕೊನೆಗೆ ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಪ್ರಶ್ನಿಸಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ಅವರು ವಿವರಿಸಿದರು. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಪ್ರವಾದಿವರ್ಯರ(ಸ) ಆದೇಶವನ್ನು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮದೀನಾಕ್ಕೆ ಮರಳಿದರು.

ಅಬೂ ಉಬೈದಾ(ರ) ಸಿರಿಯಾದಲ್ಲೇ ತನ್ನ ಜನರೊಂದಿಗೆ ಉಳಿದರು. ಅಮ್‌ವಾಸ್ ಪಿಡುಗಿನಲ್ಲಿ ಅವರು ನಿಧನರಾದರು. ಒಬ್ಬರು ಒಳಗೆ ಹೋಗಲಿಲ್ಲ, ಇನ್ನೊಬ್ಬರು ಹೊರಗೆ ಬರಲಿಲ್ಲ. ಒಂದೇ ಹದೀಸ್‌ನ ಎರಡು ಭಾಗಗಳನ್ನು ಇಬ್ಬರು ಮಹಾನ್ ಸಹಾಬಿಗಳು ಬದುಕಿ ತೋರಿಸಿದರು. ತವಕ್ಕುಲ್ ಎಂದರೆ ಜಾಗ್ರತೆಯನ್ನು ಬಿಡುವುದು ಎಂದು ಭಾವಿಸಿದವರು ಈ ಘಟನೆಯನ್ನು ಮತ್ತೆ ಓದಲಿ.

ಮಾರಿಕುಪ್ಪಂನಲ್ಲಿ ನಿಂತ ರೈಲು

ಈಗ ನಮ್ಮ ಊರಿನ ಕಡೆಗೆ ನೋಡೋಣ. ಬಂಗಾರಪೇಟೆಯಿಂದ ಹೊರಟ ರೈಲು ಹಳಿ ಕೆ.ಜಿ.ಎಫ್. ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1894ರಲ್ಲಿ ಚಿನ್ನದ ಗಣಿಗಾಗಿ ಹಾಕಿದ ಹಳಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಆ ಹಳಿಯೇ ಸಾವಿರಾರು ಮನೆಗಳ ಅನ್ನದ ದಾರಿ. ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. 2020ರ ಮಾರ್ಚ್ 22ರ ಮಧ್ಯರಾತ್ರಿಯಿಂದ ದೇಶದ ಪ್ರಯಾಣಿಕರ ರೈಲುಗಳು ನಿಂತವು. ಅದೇ ವಾರ ವಿದೇಶಿ ವಿಮಾನಗಳೂ ನಿಂತವು. ಮಾಮೂಲಿ ವಿದೇಶಿ ವಿಮಾನ ಸಂಚಾರ ಮತ್ತೆ ಆರಂಭವಾಗಿದ್ದು 2022ರ ಮಾರ್ಚ್ 27ರಂದು.

ಆ ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರಕಾರ ಜಿಲ್ಲೆಗಳನ್ನು ವಿಂಗಡಿಸಿದಾಗ ಕೋಲಾರ ಹಸಿರು ವಲಯದಲ್ಲಿತ್ತು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು, ಪಕ್ಕದಲ್ಲಿ ಬೆಂಗಳೂರು ಇರುವ ಜಿಲ್ಲೆ ಅದು. ಆ ಹಸಿರಿನ ಹಿಂದೆ ಕೂಲಿ ಇಲ್ಲದೆ ಮನೆಯಲ್ಲಿ ಕುಳಿತವರ ಸಂಕಟವೂ ಇತ್ತು ಎಂಬುದನ್ನು ನಾವು ಮರೆಯಬಾರದು. ಪಿಡುಗಿನ ಊರಲ್ಲಿ ಸಹನೆಯಿಂದ, ಅಲ್ಲಾಹನಿಂದ ಪ್ರತಿಫಲ ಬಯಸಿ ಉಳಿದವನಿಗೆ ಹುತಾತ್ಮನ ಪುಣ್ಯವಿದೆ ಎಂಬ ಅರ್ಥದ ಹದೀಸನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಹಸಿದ ಮನೆಯಲ್ಲಿ ಕುಳಿತು ಸಹನೆ ವಹಿಸುವುದು ಸುಲಭವಲ್ಲ. ಆದ್ದರಿಂದ ಮನೆಯಲ್ಲಿರು ಎಂದು ಬೋಧಿಸುವ ನಾಲಗೆಯ ಜೊತೆಗೆ ಅಕ್ಕಿಯ ಚೀಲ ಹೊರುವ ಭುಜವೂ ಇರಬೇಕು. ಇಲ್ಲವಾದರೆ ನಮ್ಮ ಬೋಧನೆ ಹೊಟ್ಟೆ ತುಂಬಿದವನ ಬೋಧನೆಯಾದೀತು.

ಕಅಬಾದ ದಾರಿಯೂ ಮುಚ್ಚಿತ್ತು

2020ರ ಫೆಬ್ರವರಿ 27ರಂದು ಸೌದಿ ಸರಕಾರ ಉಮ್ರಾ ಯಾತ್ರಿಕರ ಪ್ರವೇಶವನ್ನು ತಡೆಯಿತು. ಆ ವರ್ಷದ ಹಜ್ಜ್ ಆ ದೇಶದಲ್ಲೇ ಇದ್ದ ಕೆಲವೇ ಜನರಿಗೆ ಸೀಮಿತವಾಯಿತು. 2021ರಲ್ಲಿ ಅಲ್ಲಿನ ನಿವಾಸಿಗಳಾದ 60,000 ಮಂದಿಗೆ ಮಾತ್ರ ಅವಕಾಶವಿತ್ತು. 2022ರಲ್ಲಿ ಹೊರದೇಶದವರಿಗೆ ಬಾಗಿಲು ತೆರೆದರೂ 65 ವರ್ಷದೊಳಗಿರಬೇಕು, ಲಸಿಕೆ ಪಡೆದಿರಬೇಕು, ಹೊರಡುವ 72 ಗಂಟೆಗಳೊಳಗಿನ ಪರೀಕ್ಷೆಯ ವರದಿ ಇರಬೇಕು ಎಂಬ ಷರತ್ತುಗಳಿದ್ದವು. ಜೀವಮಾನವಿಡೀ ದುಡ್ಡು ಕೂಡಿಟ್ಟು, ಸರದಿ ಬಂದಾಗ ವಯಸ್ಸು ಮೀರಿದೆ ಎಂಬ ಉತ್ತರ ಪಡೆದ ಹಿರಿಯರ ಕಣ್ಣೀರನ್ನು ಹಗುರವಾಗಿ ಕಾಣಬೇಡಿ.

ಅಂಥವರಿಗೆ ಹುದೈಬಿಯಾ ಸಾಂತ್ವನವಾಗಲಿ. ಹಿಜ್ರಿ 6ರಲ್ಲಿ ಪ್ರವಾದಿವರ್ಯರು(ಸ) ಸುಮಾರು 1,400 ಸಹಾಬಿಗಳೊಂದಿಗೆ ಇಹ್ರಾಮ್ ಧರಿಸಿ ಮಕ್ಕಾದ ಹೊಸ್ತಿಲವರೆಗೂ ಬಂದಿದ್ದರು. ಒಳಗೆ ಬಿಡಲಿಲ್ಲ. ಅಲ್ಲೇ ಬಲಿ ನೀಡಿ, ತಲೆ ಬೋಳಿಸಿ, ಮರಳಿದರು. ತಡೆಯಲ್ಪಟ್ಟವರ ವಿಧಿಯನ್ನು ಅಲ್‌ಬಕರಃ ಅಧ್ಯಾಯದ 196ನೆಯ ಸೂಕ್ತ ಕಲಿಸುತ್ತದೆ. ದಾರಿ ಇದ್ದವನ ಮೇಲೆ ಮಾತ್ರ ಹಜ್ಜ್ ಕಡ್ಡಾಯ ಎಂದು ಕುರ್‌ಆನ್ ಹೇಳಿರುವಾಗ, ದಾರಿ ಮುಚ್ಚಿದವನ ಕರ್ಮಪತ್ರದಲ್ಲಿ ಅವನ ಸಂಕಲ್ಪ ವ್ಯರ್ಥವಾಗದು.

ಇದು ಹೊಸ ಸಂಗತಿಯೂ ಅಲ್ಲ. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದಾಗ, 1897ರಲ್ಲಿ, ಬ್ರಿಟಿಷ್ ಸರಕಾರ ಹಜ್ಜ್ ಯಾತ್ರೆಯನ್ನು ತಡೆದಿತ್ತು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ನಮ್ಮ ಪೂರ್ವಿಕರ ಹಡಗುಗಳನ್ನು ನಿಲ್ಲಿಸಿ, ಯಾತ್ರಿಕರನ್ನು ದಿನಗಟ್ಟಲೆ ಪ್ರತ್ಯೇಕವಾಗಿ ಇರಿಸುತ್ತಿದ್ದರು. 2020ರಲ್ಲಿ ಜಾರಿಗೊಂಡ ಸಾಂಕ್ರಾಮಿಕ ರೋಗ ಕಾಯಿದೆಯೂ ಅದೇ 1897ರದು.

ಕಾಗದವೂ ಒಂದು ಸಾಕ್ಷ್ಯ

ಓದುಗ ಸಹೋದರ ಸಹೋದರಿಯರೇ, ಈಗ ಮುಖ್ಯ ವಿಷಯಕ್ಕೆ ಬನ್ನಿ. ಆ ದಿನಗಳಲ್ಲಿ ಹೊರದೇಶದಿಂದ ಬರುವವನು ಏರ್ ಸುವಿಧಾ ಎಂಬ ವ್ಯವಸ್ಥೆಯಲ್ಲಿ ಒಂದು ಘೋಷಣೆಯನ್ನು ತುಂಬಬೇಕಿತ್ತು. ಎಲ್ಲಿಂದ ಬಂದೆ, ಎಲ್ಲಿ ತಂಗಿದ್ದೆ, ಜ್ವರ ಕೆಮ್ಮು ಇದೆಯೇ, ಪರೀಕ್ಷೆಯ ವರದಿ ನಿಜವೇ? ಅನೇಕರಿಗೆ ಅದು ಬೇಗ ಮುಗಿಸಬೇಕಾದ ಒಂದು ಫಾರ್ಮ್ ಅಷ್ಟೆ. ಆದರೆ ಸತ್ಯವಿಶ್ವಾಸಿಗೆ ಅದು ಸಾಕ್ಷ್ಯ. ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಜ್ವರದ ಮಾತ್ರೆ ನುಂಗಿ ಮೈಬಿಸಿಯನ್ನು ಇಳಿಸಿಕೊಂಡು ತಪಾಸಣೆ ದಾಟಿದವನು ಅಧಿಕಾರಿಯನ್ನು ವಂಚಿಸಬಲ್ಲ. ವಿಮಾನ ನಿಲ್ದಾಣದಲ್ಲಿ ಕೈಗೆ ಒತ್ತಿದ ಮಸಿಯನ್ನು ಉಜ್ಜಿ ಅಳಿಸಬಹುದು. ಆದರೆ ಆ ಕೈಯೇ ಪರಲೋಕದಲ್ಲಿ ಮಾತಾಡುವುದು ಎಂದು ಯಾಸೀನ್ ಅಧ್ಯಾಯದಲ್ಲಿ ನಾವು ಓದುವುದಿಲ್ಲವೇ?

"ನಮಗೆ ಅನ್ಯಾಯವಾಗಿತ್ತಲ್ಲ" ಎಂದು ಕೆಲವರು ಹೇಳುವುದುಂಟು. ಹೌದು, ಆಗಿತ್ತು. ತಬ್ಲೀಗ್‌ಗಾಗಿ ಬಂದ ವಿದೇಶಿಯರ ಹೆಸರಿನಲ್ಲಿ ಇಡೀ ಸಮುದಾಯದ ಮೇಲೆ ರೋಗದ ಆರೋಪ ಹೊರಿಸಲಾಯಿತು. ತರಕಾರಿ ಮಾರುವವನ ಹೆಸರು ಕೇಳಿ ಬಾಗಿಲು ಮುಚ್ಚಿದವರಿದ್ದರು. ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದು ತನ್ನ ಮುಂದಿದ್ದ ಅಂಥ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅಭಿಪ್ರಾಯಕ್ಕೆ ಬಂತು. ಆದರೆ ಅನ್ಯಾಯಕ್ಕೊಳಗಾದವನಿಗೆ ಸುಳ್ಳು ಹೇಳುವ ಪರವಾನಗಿ ಸಿಗುವುದಿಲ್ಲ. ಮಕ್ಕಾದ ಜನ ಪ್ರವಾದಿವರ್ಯರನ್ನು(ಸ) ಕೊಲ್ಲಲು ಹೊಂಚು ಹಾಕಿದ್ದ ರಾತ್ರಿಯೂ ಅವರ ಅಮಾನತ್‌ಗಳನ್ನು ಮರಳಿಸುವ ಹೊಣೆಯನ್ನು ಹಝ್ರತ್ ಅಲಿ(ರ)ಯವರಿಗೆ ವಹಿಸಿಯೇ ಅವರು ಹೊರಟಿದ್ದರು. ನೆರೆಯವನ ಆರೋಗ್ಯವೂ ನಮ್ಮ ಕೈಯಲ್ಲಿರುವ ಅಮಾನತ್ತೇ. ಆ ನೆರೆಯವನು ಯಾವ ಧರ್ಮದವನಾದರೂ ಸರಿ.

ಇಂದಿಗೂ ಉಳಿದಿರುವ ಹೊಣೆ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತು ಸ್ಥಿತಿ ಮುಗಿಯಿತೆಂದು ಘೋಷಿಸಿತು. ಆ ಫಾರ್ಮುಗಳು ಹೋದವು. ಆದರೆ ಹಜ್ಜ್‌ಗೆ ಹೋಗುವವರಿಗೆ ಮಿದುಳು ಪೊರೆಯ ಜ್ವರದ ಲಸಿಕೆ ಇಂದಿಗೂ ಕಡ್ಡಾಯ. 2024ರಲ್ಲಿ ಸೌದಿ ಯಾತ್ರೆಗೆ ಸಂಬಂಧಿಸಿದ ಈ ರೋಗದ 12 ಪ್ರಕರಣಗಳು ಅಮೆರಿಕ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಕಂಡುಬಂದವು. ಅವರಲ್ಲಿ ಇಬ್ಬರು ಯಾತ್ರೆ ಮಾಡಿದವರೇ ಅಲ್ಲ, ಯಾತ್ರಿಕರ ಸಂಪರ್ಕದಲ್ಲಿದ್ದವರು. ಹರಸಿ ಕಳುಹಿಸಿದ ಮನೆಯವರಿಗೆ ಝಮ್‌ಝಮ್ ನೀರಿನ ಜೊತೆ ರೋಗವನ್ನೂ ತಂದುಕೊಡುವುದು ಎಂಥ ದುರಂತ!

ಆದ್ದರಿಂದ ಲಸಿಕೆ ಚುಚ್ಚಿಸಿಕೊಳ್ಳದೆ ಬರೀ ಮುದ್ರೆ ಒತ್ತಿಸಿಕೊಡುವೆನೆಂದು ಯಾರಾದರೂ ಹೇಳಿದರೆ ಅವನಿಂದ ದೂರವಿರಿ. ಸುಳ್ಳು ಕಾಗದದಿಂದ ಹೊರಟು ಲಬ್ಬೈಕ್ ಎಂದರೆ ಆ ಲಬ್ಬೈಕ್‌ನ ಗತಿಯೇನು? ದುಬೈಯಿಂದಲೋ ದಮ್ಮಾಮ್‌ನಿಂದಲೋ ಬರುವ ನಿಮ್ಮ ಮಗನಿಗೂ ಇದನ್ನು ಹೇಳಿ. ನಾಲ್ಕು ದಿನ ತಡವಾಗಿ ಬಂದರೂ ಪರವಾಗಿಲ್ಲ ಮಗನೇ, ಸತ್ಯ ಬರೆದು ಬಾ ಎಂದು ತಾಯಿಯೇ ಹೇಳಿದರೆ ಅವನು ಸುಳ್ಳು ಬರೆಯಲು ಕೈ ಎತ್ತಲಾರ.

ನಮ್ಮ ಪ್ರಯಾಣಗಳನ್ನು ಅಲ್ಲಾಹನು ಒಳಿತಿನ ಪ್ರಯಾಣಗಳಾಗಿ ಮಾಡಲಿ. ನಮ್ಮಿಂದ ಯಾರಿಗೂ ಹಾನಿಯಾಗದಂತೆ ಕಾಪಾಡಲಿ. ಆ ಪಿಡುಗಿನಲ್ಲಿ ಅಗಲಿದವರಿಗೆ ಮಗ್ಫಿರತ್ ದಯಪಾಲಿಸಲಿ. ಆಮೀನ್.