ಬೆಸುಗೆಯ ಪರೀಕ್ಷೆ

ಧ್ಯಾನದ ಆಧಾರ: ಯೆಶಾಯ 41ನೆಯ ಅಧ್ಯಾಯ, 7ನೆಯ ವಚನ



ಈ ವಚನವನ್ನು ನಿಮ್ಮ ನಿಮ್ಮ ಮನೆಗಳಲ್ಲಿ ತೆರೆದು ಓದಿರಿ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಿರಿ. ಅಲ್ಲಿ ಪ್ರವಾದಿಯು ಲೋಹದ ಕೆಲಸಗಾರರ ಒಂದು ಗುಂಪನ್ನು ನಮ್ಮ ಕಣ್ಣ ಮುಂದೆ ನಿಲ್ಲಿಸುತ್ತಾನೆ. ಅವರು ವಿಗ್ರಹವೊಂದನ್ನು ಮಾಡುತ್ತಿದ್ದಾರೆ. ವಿಗ್ರಹದ ಮಾತು ಈ ಹೊತ್ತು ನಮಗೆ ಬೇಡ, ಅವರ ಕೆಲಸದ ರೀತಿಯನ್ನು ಮಾತ್ರ ನೋಡೋಣ. ಅವರಲ್ಲಿ ಒಬ್ಬನು ಬೆಸುಗೆಯನ್ನು ನೋಡಿ ಮೆಚ್ಚಿಕೊಳ್ಳುತ್ತಾನೆ. ಮೆಚ್ಚಿದ ಮೇಲೆ ಅದು ಕದಲದ ಹಾಗೆ ಮೊಳೆಗಳನ್ನೂ ಬಡಿಯುತ್ತಾರೆ. ಸೆಮಿನೆರಿಯಲ್ಲಿ ಓದುತ್ತಿದ್ದಾಗ ನಾನು ಈ ವಚನವನ್ನು ಎಷ್ಟೋ ಸಾರಿ ದಾಟಿಹೋದೆನು. ಬೆಸುಗೆಯು ಒಳ್ಳೇದಾಗಿದ್ದರೆ ಮೊಳೆ ಯಾಕೆ ಎಂಬ ಪ್ರಶ್ನೆ ಆಗ ನನಗೆ ಹುಟ್ಟಲಿಲ್ಲ. ಕಳೆದ ವರುಷ ವೆಲ್ಡಿಂಗ್ ಪರೀಕ್ಷೆ ನಡಿಯುವ ಒಂದು ಶೆಡ್ಡಿನಲ್ಲಿ ನಿಂತಾಗ ಹುಟ್ಟಿತು.

ನಮ್ಮ ಸಭೆಯ ಒಬ್ಬ ಹುಡುಗನು, ಹೆಸರು ಬೇಡ, ವೆಲ್ಡಿಂಗ್ ಕಲಿತು ಪರದೇಶದ ಕೆಲಸಕ್ಕಾಗಿ ಪರೀಕ್ಷೆಗೆ ನಿಂತಿದ್ದನು. ಅವನ ತಂದೆಯು ಎರಡು ಎತ್ತುಗಳನ್ನು ಮಾರಿ ಹಣ ಕಟ್ಟಿದ್ದನು. ಪ್ರಾರ್ಥನೆ ಮಾಡಲಿಕ್ಕೆ ಒಬ್ಬರು ಜತೆಯಲ್ಲಿರಬೇಕೆಂದು ನನ್ನನ್ನೂ ಕರಕೊಂಡು ಹೋದರು.

ಹುಡುಗನ ಮುಂದೆ ಸುಮಾರು 10 ಮಿಲಿಮೀಟರು ದಪ್ಪದ ಎರಡು ಉಕ್ಕಿನ ಪ್ಲೇಟುಗಳನ್ನು ಇಟ್ಟರು. ಅವುಗಳ ಅಂಚನ್ನು ಓರೆಯಾಗಿ ಉಜ್ಜಿದ್ದರಿಂದ ಎರಡನ್ನೂ ಎದುರುಬದುರಾಗಿ ಇಟ್ಟಾಗ ನಡುವೆ ಸಣ್ಣ ಕಾಲುವೆಯಂಥ ತಗ್ಗು ಉಂಟಾಯಿತು. ಆ ತಗ್ಗನ್ನು ಅಡಿಯಿಂದ ಪದರು ಪದರಾಗಿ ತುಂಬಬೇಕು. ಪ್ರತಿಯೊಂದು ಪದರಿನ ಮೇಲೂ ಕಿಟ್ಟ ಕಟ್ಟುವದು. ಅದನ್ನು ಸುತ್ತಿಗೆಯಿಂದ ಕುಟ್ಟಿ, ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದ ಹೊರತು ಮುಂದಿನ ಪದರನ್ನು ಹಾಕಬಾರದು. ಹುಡುಗನು ಕೆಲಸ ಮುಗಿಸಿ ಮುಖದ ಪರದೆಯನ್ನು ಎತ್ತಿದಾಗ ಬೆಸುಗೆಯು ಒಪ್ಪವಾಗಿ ಹೆಣೆದ ಜಡೆಯ ಹಾಗೆ ಕಾಣುತ್ತಿತ್ತು. ತಂದೆಯು ನನ್ನ ಕಡೆ ತಿರುಗಿ ನಕ್ಕನು. ನಾನೂ, ಬಹಳ ಚೆನ್ನಾಯಿತು, ಅಂದೆನು. ಲೋಹದ ಕೆಲಸದಲ್ಲಿ ಏನೂ ತಿಳಿಯದ ನಾನು ಆಡಿದ ಆ ಮಾತು ಪ್ರವಾದಿಯ ವಚನದಲ್ಲಿರುವ ಮಾತೇ ಎಂಬದು ಆಮೇಲೆ ನೆನಪಿಗೆ ಬಂತು.

ಪರೀಕ್ಷಕನು ಮೆಚ್ಚಲೂ ಇಲ್ಲ, ಹಳಿಯಲೂ ಇಲ್ಲ. ಬೆಸುಗೆಗೆ ಅಡ್ಡಲಾಗಿ ಸುಮಾರು 38 ಮಿಲಿಮೀಟರು ಅಗಲದ ಪಟ್ಟಿಗಳನ್ನು ಕೊಯ್ಯಿಸಿದನು. ಹೀಗೆ ಕೊಯ್ದಾಗ ಪ್ರತಿ ಪಟ್ಟಿಯ ನಡುಮಧ್ಯದಲ್ಲಿ ಬೆಸುಗೆ ಬರುವದು. ಜಡೆಯ ಹಾಗೆ ಉಬ್ಬಿದ ಆ ಅಂದವನ್ನೆಲ್ಲಾ ಮೊದಲು ಗ್ರೈಂಡರಿನಿಂದ ಸಮಮಾಡಿಬಿಟ್ಟರು. ಉಜ್ಜಿದ ಗೀರುಗಳು ಪಟ್ಟಿಯ ಉದ್ದಕ್ಕೆ ಇರಬೇಕು, ಅಡ್ಡಲಾಗಿ ಇರಬಾರದು. ಅಡ್ಡಗೀರಿನಿಂದಲೇ ಬಿರುಕು ಹುಟ್ಟಬಹುದು, ಆಗ ಕೆಲಸಗಾರನ ಮೇಲೆ ಸುಳ್ಳು ತಪ್ಪು ಬೀಳುವದು. ಪರೀಕ್ಷಿಸುವವನ ಕೈಯೂ ಶುದ್ಧವಾಗಿರಬೇಕೆಂಬ ಈ ನೇಮವು ನನಗೆ ಬಹಳ ಹಿಡಿಸಿತು.

ತರುವಾಯ ಪಟ್ಟಿಯನ್ನು ಎರಡು ಆಸರೆಗಳ ಮೇಲೆ ಅಡ್ಡಲಾಗಿ ಇಟ್ಟು, ಬೆಸುಗೆಯ ಮೇಲೆಯೇ ದುಂಡಾದ ಮೂತಿಯ ಒಂದು ಉಕ್ಕಿನ ಗುದ್ದನ್ನು ಪ್ರೆಸ್ಸಿನಿಂದ ಮೆಲ್ಲನೆ ಒತ್ತುತ್ತಾರೆ. ಪಟ್ಟಿಯ ಎರಡು ತೋಳುಗಳೂ ಮೇಲಕ್ಕೆ ಎದ್ದು ಅದು ಎತ್ತಿನ ಲಾಳದ ಆಕಾರಕ್ಕಲ್ಲ, ಕುದುರೆಯ ಲಾಳದ ಆಕಾರಕ್ಕೆ ಬರುವದು. ಒಳಮಗ್ಗುಲು ಕುಗ್ಗುತ್ತದೆ, ಹೊರಮಗ್ಗುಲು ಹಿಗ್ಗುತ್ತದೆ. 10 ಮಿಲಿಮೀಟರಿನ ಪಟ್ಟಿಯನ್ನು 40 ಮಿಲಿಮೀಟರು ಅಡ್ಡಳತೆಯ ಗುದ್ದಿನ ಸುತ್ತ ಬಾಗಿಸಿದರೆ ಹೊರಗಿನ ಚರ್ಮವು ನೂರಕ್ಕೆ 20ರಷ್ಟು ಹಿಗ್ಗಬೇಕಾಗುವದು. ಅಂದರೆ ಐದು ಅಂಗುಲವಿದ್ದದ್ದು ಆರು ಅಂಗುಲವಾಗಬೇಕು. ಒಳ್ಳೇ ಬೆಸುಗೆಯು ತಾನು ಕೂಡಿಸಿದ ಉಕ್ಕಿನ ಸಂಗಡ ತಾನೂ ಹಿಗ್ಗಿ ಸುಮ್ಮನಿರುವದು. ಒಳಗೆ ಕಿಟ್ಟವಿದ್ದರೆ, ಗಾಳಿಯ ತೂತುಗಳಿದ್ದರೆ, ಅಥವಾ ಬೆಸುಗೆಯು ಅಂಚಿನಲ್ಲಿ ಕರಗಿ ಬೆರೆಯದೆ ಬರೀ ಅಂಟಿಕೊಂಡಿದ್ದರೆ ಅಲ್ಲಿ ಬಾಯಿ ಬಿಡುವದು.

ಈ ಪರೀಕ್ಷೆಯನ್ನು ಎರಡು ವಿಧವಾಗಿ ಮಾಡುತ್ತಾರೆ. ಒಂದು ಪಟ್ಟಿಯಲ್ಲಿ ಬೆಸುಗೆಯ ಮುಖವು ಹೊರಮಗ್ಗುಲಿಗೆ ಬರುವಂತೆ, ಇನ್ನೊಂದರಲ್ಲಿ ಅದರ ಬುಡವು ಹೊರಮಗ್ಗುಲಿಗೆ ಬರುವಂತೆ ಬಾಗಿಸುವರು. ಬಹಳ ದಪ್ಪದ ಪ್ಲೇಟಾದರೆ ಪಕ್ಕದ ಮೇಲೆ ಮಲಗಿಸಿ ಬಾಗಿಸುವದೂ ಉಂಟು. ನಮ್ಮ ಹುಡುಗನ ಮುಖದ ಪಟ್ಟಿಯಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಬುಡದ ಪಟ್ಟಿ ಅರ್ಧ ಬಾಗುವಷ್ಟರಲ್ಲಿಯೇ ಟಿಕ್ ಎಂದು ಸಣ್ಣ ಶಬ್ದವಾಯಿತು. ಹೊರಗೆ ತೆಗೆದು ನೋಡಿದರೆ ಭತ್ತದ ಕಾಳಿನಷ್ಟು ಉದ್ದದ ಬಿರುಕು. ಸಾಮಾನ್ಯ ನೇಮದ ಪ್ರಕಾರ 3 ಮಿಲಿಮೀಟರಿನ ತನಕ ಕ್ಷಮೆ ಉಂಟು, ಅದಕ್ಕಿಂತ ಹೆಚ್ಚಾದರೆ ಇಲ್ಲ. ಪರೀಕ್ಷಕನು ಅಳೆದನು, ಬರಕೊಂಡನು. “ಮೇಲಿನ ಪದರುಗಳನ್ನು ತಾಳ್ಮೆಯಿಂದ ಹಾಕಿದ್ದೀ, ಮೊದಲನೆಯ ಪದರನ್ನು ಅವಸರದಿಂದ ಹಾಕಿದ್ದೀ,” ಎಂದಷ್ಟೇ ಹೇಳಿದನು. ಅದು ಹುಡುಗನು ಬಾಯಿಬಿಟ್ಟು ಹೇಳದೆ ಇದ್ದ ಸಂಗತಿ.

ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ನಂಬಿಕೆಯ ಪರೀಕ್ಷೆಯನ್ನು ಬಂಗಾರವನ್ನು ಬೆಂಕಿಯಿಂದ ಶೋಧಿಸುವದಕ್ಕೆ ಹೋಲಿಸಿದ್ದಾನೆ. ಬಂಗಾರವು ಒಂದೇ ವಸ್ತು, ಅದಕ್ಕೆ ಬೆಂಕಿ ಸಾಕು. ಎರಡನ್ನು ಒಂದು ಮಾಡಿದ ಸ್ಥಳವು ಎಂಥದೆಂದು ತಿಳಿಯಬೇಕಾದರೆ ಅದನ್ನು ಬಾಗಿಸಿಯೇ ನೋಡಬೇಕು.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಬಾಗಿಸಿದ ಪಟ್ಟಿ ಮತ್ತೆ ಕೆಲಸಕ್ಕೆ ಬಾರದು, ಗುಜರಿಗೆ ಹೋಗುವದು. ಸೇತುವೆಗೋ ಹಡಗಿಗೋ ಹಾಕಿದ ಬೆಸುಗೆಯನ್ನು ಹೀಗೆ ಬಾಗಿಸಿ ನೋಡುವದು ಸಾಧ್ಯವಿಲ್ಲ. ಆದದರಿಂದ ಈ ಪರೀಕ್ಷೆಯು ತೂಗುವದು ಕೈಯನ್ನೂ ಕ್ರಮವನ್ನೂ. ಆ ಕೈ ನಾಳೆ ಯಾರೂ ನೋಡದ ಮೂಲೆಯಲ್ಲಿಯೂ ಅದೇ ಕ್ರಮವನ್ನು ನಡಿಸುವದೆಂದು ನಂಬಬೇಕಷ್ಟೆ. ಆ ನಂಬಿಕೆ ಕೆಟ್ಟರೆ ಏನಾಗುವದು? 1980ನೆಯ ಇಸವಿ ಮಾರ್ಚ್ 27ನೆಯ ತಾರೀಖಿನ ಸಂಜೆ ಉತ್ತರ ಸಮುದ್ರದ ನಾರ್ವೆ ಭಾಗದಲ್ಲಿ ಅಲೆಕ್ಸಾಂಡರ್ ಎಲ್. ಕೀಲಾಂಡ್ ಎಂಬ ತೇಲುವ ವಸತಿಯು ಬಿರುಗಾಳಿಯಲ್ಲಿ ಮಗುಚಿತು. ಎಣ್ಣೆಬಾವಿಯ ಕೆಲಸಗಾರರು ಅದರಲ್ಲಿ ವಾಸವಾಗಿದ್ದರು. ಒಳಗಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ಅದರ ಐದು ಕಾಲುಗಳಲ್ಲಿ ಒಂದನ್ನು ಹಿಡಿದಿದ್ದ ಒಂದು ದಪ್ಪ ಕೊಳವೆಯು ಮೊದಲು ತುಂಡಾಯಿತು. ವಿಚಾರಣೆ ಮಾಡಿದವರು ಬಿರುಕಿನ ಹುಟ್ಟನ್ನು ಹುಡುಕಿದಾಗ ಅದು ನೀರೊಳಗಿನ ಶಬ್ದ ಕೇಳುವ ಒಂದು ಸಣ್ಣ ಯಂತ್ರವನ್ನು ಕೂಡಿಸಲಿಕ್ಕೆ ಹಾಕಿದ್ದ 6 ಮಿಲಿಮೀಟರಿನ ಬೆಸುಗೆಯ ಬಳಿ ಸಿಕ್ಕಿತು. ಆ ಬೆಸುಗೆಯು ಭಾರ ಹೊರುವದಕ್ಕೆ ಹಾಕಿದ್ದಲ್ಲ. ಅದನ್ನು ಯಾರೂ ದೊಡ್ಡದೆಂದು ಎಣಿಸಲಿಲ್ಲ. ಬಿರುಕಿನೊಳಗೆ ಬಣ್ಣದ ಗುರುತು ಇತ್ತು. ಬಣ್ಣ ಬಳಿಯುವಾಗಲೇ ಅಲ್ಲಿ ಬಿರುಕು ಇತ್ತೆಂದೂ, ಅದರ ಮೇಲೆಯೇ ಬಳಿದರೆಂದೂ ಇದರಿಂದ ತಿಳಿದುಬಂತು. ತರುವಾಯ ಅಲೆಗಳು ವರುಷಗಟ್ಟಲೆ ಆ ಸ್ಥಳವನ್ನು ಇಷ್ಟಿಷ್ಟೇ ಎಳೆದು ಬಿಡುತ್ತಾ ಬಿರುಕನ್ನು ಬೆಳೆಸಿದವು.

ಬಿರುಕಿನ ಮೇಲೆ ಬಣ್ಣ ಬಳಿದವನು ನಾನು, ಪ್ರಿಯರೇ. ಹಾಗೆ ಹೇಳುವದಕ್ಕೆ ಕಾರಣವುಂಟು.

ಮೂರು ವರುಷಗಳ ಹಿಂದೆ ನಮ್ಮ ಸಭೆಯ ಇಬ್ಬರು ಅಣ್ಣತಮ್ಮಂದಿರಿಗೆ ಪಾಲಿನ ಬಾವಿಯ ವಿಷಯದಲ್ಲಿ ಜಗಳವಾಗಿ ಮಾತು ನಿಂತಿತ್ತು. ಕರ್ತನ ಭೋಜನದ ಆದಿತ್ಯವಾರ ಹತ್ತಿರ ಬಂತು. ಪಾದ್ರಿಯವರು ಬರುವದರೊಳಗೆ ಸಭೆಯು ಒಂದಾಗಿ ಕಾಣಬೇಕೆಂಬ ಆತುರ ನನಗೆ. ಶನಿವಾರ ಸಾಯಂಕಾಲ ಇಬ್ಬರನ್ನೂ ಕೂಡ್ರಿಸಿ, ಹಳೇ ಮಾತು ಎತ್ತಬೇಡಿರಿ, ಕೈ ಹಿಡಿಯಿರಿ ಎಂದೆನು. ಹಿಡಿದರು. ಪ್ರಾರ್ಥಿಸಿದೆನು. ಮರುದಿನ ಒಂದೇ ಬೆಂಚಿನ ಮೇಲೆ ಕೂತರು. ಎಲ್ಲರೂ ನನ್ನನ್ನು ಹೊಗಳಿದರು, ಅದು ನನಗೆ ಸವಿಯಾಗಿಯೂ ಇತ್ತು. ಅಣ್ಣನಿಗೆ ಪಂಪಿನ ಖರ್ಚಿನ ಲೆಕ್ಕದಲ್ಲಿ ಮೋಸವಾಗಿತ್ತೆಂಬದನ್ನು ನಾನು ಕೇಳಲಿಲ್ಲ. ಬೇಸಿಗೆ ಬಂದು ಬಾವಿಯ ನೀರು ಇಳಿದ ವಾರದಲ್ಲಿಯೇ ತಮ್ಮನ ತಲೆ ಒಡೆಯಿತು.

ಶೆಡ್ಡಿನಿಂದ ಹೊರಗೆ ಬಂದ ಮೇಲೆ ನಾನು ಪರೀಕ್ಷಕನನ್ನು, ಬಿರುಕಿನ ಮೇಲೆ ಇನ್ನೊಂದು ಪದರು ಹಾಕಿದರೆ ಸಾಲದೋ ಎಂದು ಕೇಳಿದೆನು. ಅವನು ತಲೆಯಾಡಿಸಿದನು. ಬಿರುಕು ಬಿಟ್ಟ ಬೆಸುಗೆಯನ್ನು ಕೆಡದ ಲೋಹವು ಸಿಕ್ಕುವ ತನಕ ಅಗೆದು ತೆಗೆಯಬೇಕು, ಬಿರುಕಿನ ತುದಿ ಉಳಿದಿಲ್ಲವೆಂದು ನೋಡಬೇಕು, ಆಮೇಲೆ ಬುಡದಿಂದ ಹೊಸದಾಗಿ ಹಾಕಬೇಕು. ರಾಡುಗಳೂ ಒಣಗಿರಬೇಕು, ಅವು ಹಸಿಯಾಗಿದ್ದರೆ ತೇವದಿಂದ ಹುಟ್ಟಿದ ಜಲಜನಕವು ಒಳಗೆ ಸೇರಿ, ಗಡುಸಾದ ಉಕ್ಕಿನಲ್ಲಿ ಒಂದೆರಡು ದಿನ ಕಳೆದ ಮೇಲೆಯೂ ಬಿರುಕನ್ನು ಹುಟ್ಟಿಸಬಲ್ಲದು ಎಂದು ತಿಳಿಸಿದನು.

ಬಸ್ಸಿನಲ್ಲಿ ತಂದೆಮಗ ಇಬ್ಬರೂ ಮಾತಾಡಲಿಲ್ಲ. ಊರ ಹತ್ತಿರ ಬಂದಾಗ ಹುಡುಗನು, “ಅಯ್ಯನವರೇ, ಆ ಪಟ್ಟಿಯನ್ನು ಕೇಳಿ ತಂದಿದ್ದೇನೆ,” ಎಂದು ಚೀಲದಿಂದ ತೆಗೆದು ತೋರಿಸಿದನು. ಎತ್ತು ಮಾರಿದ ತಂದೆಯು ಅದನ್ನು ಕೈಯಲ್ಲಿ ಹಿಡಿದು ಬಿರುಕಿನ ಮೇಲೆ ಬೆರಳಾಡಿಸಿ, ಬೈಯದೆ ಹಿಂದಕ್ಕೆ ಕೊಟ್ಟನು. ಊರಲ್ಲಿ ಆ ಹುಡುಗನನ್ನು ನೋಡಿ ನಕ್ಕವರು ಇದ್ದಾರೆ, ಅವರಲ್ಲಿ ಕೆಲವರು ಈ ಪತ್ರಿಕೆಯನ್ನು ಓದುವವರು. ಅವನು ಈಗ ಪೇಟೆಯ ಒಂದು ಅಂಗಡಿಯಲ್ಲಿ ಗೇಟುಗಳ ಕೆಲಸ ಮಾಡುತ್ತಾ, ರಾತ್ರಿ ತುಂಡು ಪ್ಲೇಟುಗಳ ಮೇಲೆ ಮೊದಲನೆಯ ಪದರನ್ನು ಮಾತ್ರ ಹಾಕಿ ಹಾಕಿ ಕಲಿಯುತ್ತಾನೆ. ಮುಂದಿನ ಪರೀಕ್ಷೆಗೆ ಹೆಸರು ಕೊಟ್ಟಿದ್ದಾನೆ.

ನಾನು ಅಣ್ಣತಮ್ಮಂದಿರ ಬಳಿಗೆ ಮತ್ತೆ ಹೋದೆನು. ನಾನು ಅಂದು ಮಾಡಿದ್ದು ತಪ್ಪೆಂದು ಮೊದಲು ಹೇಳಿದೆನು. ಬಾವಿಯ ಕಟ್ಟೆಯ ಮೇಲೆ ಮೂರು ಸಾಯಂಕಾಲ ಕೂತು, ಬಾವಿ ತೋಡಿಸಿದ ವರುಷದಿಂದ ಲೆಕ್ಕವನ್ನು ತೆಗೆದೆವು. ಹಳೇ ಮಾತೆಲ್ಲಾ ಎದ್ದಿತು, ಕೂಗಾಟವೂ ಆಯಿತು. ಮೂರನೆಯ ದಿನ ತಮ್ಮನು ಪಂಪಿನ ಹಣ ತನ್ನ ಮೇಲೆ ಬರುವದೆಂದು ಒಪ್ಪಿ, ಕೊಯ್ಲಾದ ಮೇಲೆ ಕೊಡುವೆನೆಂದು ಹೇಳಿದನು. ಈ ಸಾರಿ ಕೈ ಹಿಡಿಯಿರೆಂದು ನಾನು ಹೇಳಲಿಲ್ಲ. ಬಾವಿಯಲ್ಲಿ ಈಗ ನೀರು ತುಂಬಿದೆ. ಬೇಸಿಗೆಗೆ ಇನ್ನು ನಾಲ್ಕು ತಿಂಗಳುಂಟು.