ಶುದ್ಧೋದನರ ಅರಿಕೆ



ಭಗವಾನ್ ಬುದ್ಧರು ಕಪಿಲವಸ್ತುವಿಗೆ ಬಂದಾಗ ಬಾಲಕ ರಾಹುಲ ಬೆನ್ನು ಹತ್ತಿ ಹೋಗಿ ತನ್ನ ಪಾಲು ಕೇಳಿದ, ಸಾರಿಪುತ್ತರು ಅವನಿಗೆ ದೀಕ್ಷೆ ಕೊಟ್ಟರು. ಇಷ್ಟು ನಮಗೆಲ್ಲ ಗೊತ್ತು. ಮುಂದಿನದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಅಜ್ಜ ಶುದ್ಧೋದನರು ಬುದ್ಧರ ಬಳಿ ಬಂದು ಒಂದು ವರ ಕೇಳಿದರು. (ವರ ಎಂದರೆ ಇಲ್ಲಿ ಅರಿಕೆ ಅಷ್ಟೇ, ದೇವರು ಕೊಡುವಂಥದ್ದಲ್ಲ.) ತಂದೆತಾಯಿಯ ಒಪ್ಪಿಗೆ ಇಲ್ಲದೆ ಇನ್ನು ಯಾವ ಮಗುವನ್ನೂ ಸಂಘಕ್ಕೆ ಸೇರಿಸಿಕೊಳ್ಳಬಾರದು ಎಂದು. ಮಗ ಹೋದ, ಈಗ ಮೊಮ್ಮಗನೂ ಹೋದ. ಆ ಹಿರಿಯರ ಸಂಕಟ ನೋಡಿ. ಬುದ್ಧರು ಅದನ್ನೇ ವಿನಯದ ನಿಯಮ ಮಾಡಿದರು.

ಕಾಂಬೋಡಿಯಾದ ಅನಾಥಾಲಯಗಳ ಬಗ್ಗೆ ಓದುವಾಗ ನನಗೆ ಈ ನಿಯಮ ನೆನಪಾಯಿತು. ಅದು ಬೌದ್ಧರೇ ಹೆಚ್ಚಿರುವ ದೇಶ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಭಿಕ್ಖುಗಳ ಚೀವರ ಬಿಡಿಸಿದರು, ಲಕ್ಷಾಂತರ ಜನ ಸತ್ತರು. ಆಗ ಅನಾಥರಾದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಅಲ್ಲಿ ಅನಾಥಾಲಯಗಳು ಶೇ. 75ರಷ್ಟು ಹೆಚ್ಚಿದ್ದು 2005ರಿಂದ 2010ರ ನಡುವೆ, ಶಾಂತಿಯ ಕಾಲದಲ್ಲಿ! ಅಲ್ಲಿನ ಸರಕಾರ ಯುನಿಸೆಫ್ ಜೊತೆ ಸೇರಿ 2011ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಆ ಮಕ್ಕಳಲ್ಲಿ ನಾಲ್ವರಿಗೆ ಸುಮಾರು ಮೂವರ ತಾಯಿಯೋ ತಂದೆಯೋ ಬದುಕಿದ್ದರು.

ಊಟ ಹಾಕುತ್ತೇವೆ, ಓದಿಸುತ್ತೇವೆ ಅಂದರೆ ಯಾವ ಬಡ ತಾಯಿ ಬೇಡ ಅಂದಾಳು? ಅಂಕೋರ್ ವಾಟ್ ನೋಡಲು ಬಂದ ಪ್ರವಾಸಿಗರನ್ನು ಅನಾಥಾಲಯಕ್ಕೂ ಕರೆದೊಯ್ಯುತ್ತಾರೆ. ಮಕ್ಕಳು ಕುಣಿದು ತೋರಿಸುತ್ತಾರೆ, ಇವರು ಕಣ್ಣೊರೆಸಿಕೊಂಡು ಡಾಲರ್ ಕೊಡುತ್ತಾರೆ. ಹಣ ಬಂದಷ್ಟೂ ಹಾಸಿಗೆ ಹೆಚ್ಚುತ್ತದೆ. ಹಾಸಿಗೆ ತುಂಬಲು ಮಕ್ಕಳು ಬೇಕಾಗುತ್ತಾರೆ. ತಾಯಿ ಒಪ್ಪಿರಬಹುದು. ಹಸಿವು ಹೇಳಿಸಿದ ಹೂಂ ಒಪ್ಪಿಗೆಯೇ?

ನಾವೂ ಹಾಸ್ಟೆಲ್‌ನಲ್ಲೇ ಓದಿದವರಲ್ಲವೇ ಎಂದು ಕೇಳಬಹುದು. ಹೌದು, ನಾನೂ ಓದಿದವಳು. 1925ರಲ್ಲಿ ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು ನಮ್ಮ ಹೆಮ್ಮೆ. ಆದರೆ ಹಾಸ್ಟೆಲ್ ಹುಡುಗಿ ರಜೆ ಬಂದರೆ ಅವ್ವನ ಹತ್ತಿರ ಓಡುತ್ತಾಳೆ. ಅವಳನ್ನು ಅನಾಥೆ ಎಂದು ಫೋಟೋ ತೆಗೆದು ಯಾರೂ ಚಂದಾ ಎತ್ತುವುದಿಲ್ಲ.

ಬೇರೆ ದಾರಿಯೂ ಅಲ್ಲೇ ಇದೆ. ನೋಮ್ ಪೆನ್ ನಗರದಲ್ಲಿ 1994ರಲ್ಲಿ ಬೀದಿಮಕ್ಕಳಿಗಾಗಿ ಮಿತ್ ಸಮ್ಲಾನ್ ಎಂಬ ಕೆಲಸ ಶುರುವಾಯಿತು. (ಮಿತ್ ಅಂದರೆ ಪಾಲಿಯ ಮಿತ್ತ, ನಮ್ಮ ಮಿತ್ರ.) ದೊಡ್ಡ ಹುಡುಗರಿಗೆ ಅಡುಗೆ, ಮೆಕ್ಯಾನಿಕ್ ಕೆಲಸ ಕಲಿಸುತ್ತಾರೆ. ತಾಯಂದಿರಿಗೆ ಮನೆಯಲ್ಲೇ ಚೀಲ, ಸಾಮಾನು ಮಾಡುವ ದುಡಿಮೆ ಕೊಡುತ್ತಾರೆ. ಮಗು ಶಾಲೆಗೆ ಹೋಗಬೇಕು ಎಂಬುದೇ ಷರತ್ತು. ಮಕ್ಕಳು ಪ್ರವಾಸಿಗರು ನೋಡುವ ವಸ್ತುವಲ್ಲ ಎಂದು 2011ರಲ್ಲಿ ಪ್ರಚಾರಕ್ಕಿಳಿದದ್ದೂ ಈ ಬಳಗವೇ.

ನಮ್ಮ ಗುಂಪಿನಿಂದ ಅಂಕೋರ್‌ಗೆ ಹೊರಟವರು ಅಲ್ಲಿನ ಅನಾಥಾಲಯಕ್ಕೆಂದು ಬಟ್ಟೆ, ಹಣ ಕೂಡಿಸುತ್ತಿದ್ದಾರೆ. ಅವರ ಮನಸ್ಸು ದೊಡ್ಡದು, ಆದರೂ ಹೇಳುತ್ತೇನೆ: ಅನಾಥಾಲಯ ನೋಡಲು ಹೋಗಬೇಡಿ. ಹಣ ಕೊಡುವ ಮೊದಲು ಎರಡು ಪ್ರಶ್ನೆ ಬರೆದು ಕಳಿಸಿ. ಈ ಮಕ್ಕಳ ತಾಯಂದಿರು ಎಲ್ಲಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳನ್ನು ಮನೆಗೆ ಮರಳಿಸಿದಿರಿ? ಬಂದ ಉತ್ತರವನ್ನು ಗುಂಪಿನಲ್ಲಿ ಹಾಕಿ. ಹಣದ ಮಾತನ್ನು ಭಾನುವಾರ ವಂದನೆಯ ನಂತರ ಆಡೋಣ.

ಜೈಭೀಮ್ 💙